ಬದುವಿನ ಮೇಲಿನ ಕವರುಗಳು

ಅಥವಾ ಮೂರನೆಯದು ಹಸಿರು ಆಗಿರಲಿಲ್ಲವೇನೋ. ಕೆಂಪು, ನೀಲಿ ಎರಡೂ ಖಚಿತ. ಮೂರನೆಯ ಕಡ್ಡಿಯ ತುದಿಯಲ್ಲಿದ್ದ ಕವರು ಮಾತ್ರ ನೆನೆಸಿಕೊಂಡಾಗಲೆಲ್ಲ ಬೇರೆ ಬಣ್ಣದಲ್ಲಿ ಕಾಣುತ್ತದೆ. ಹಸಿರು ಎಂದೇ ಬರೆಯುತ್ತೇನೆ, ಅತ್ತೆ ಹಸಿರು ಅನ್ನುತ್ತಾಳೆ. ಬಣ್ಣದ ವಿಷಯದಲ್ಲಿ ಅವಳ ನೆನಪು ನನ್ನದಕ್ಕಿಂತ ಗಟ್ಟಿ. ಆ ವರ್ಷ ಅವಳನ್ನು ಕೆಡಿಸಿದ್ದು ಕೂಡ ಆ ಗಟ್ಟಿತನವೇ.

ಕಡ್ಡಿಯ ವಿಷಯ ಮೊದಲು ಹೇಳಬೇಕು. ನಮ್ಮ ಕಡೆ ಬೆಳೆಗೆ ಔಷಧಿ ಹೊಡೆದ ಮೇಲೆ ಬದುವಿನಲ್ಲಿ ಒಂದು ಕಡ್ಡಿ ನೆಟ್ಟು, ಅದರ ತುದಿಗೆ ಔಷಧಿಯ ಖಾಲಿ ಕವರನ್ನು ಸಿಕ್ಕಿಸುತ್ತಾರೆ. ಈ ಹೊಲಕ್ಕೆ ವಿಷ ಬಿದ್ದಿದೆ, ಸಾಲಿನ ನಡುವೆ ಬೆರಕೆ ಸೊಪ್ಪು ಕೀಳಬೇಡಿ, ದನ ಬಿಡಬೇಡಿ ಎಂದು ಅದರ ಅರ್ಥ. ಯಾರೂ ಹೇಳಿಕೊಟ್ಟಿದ್ದಲ್ಲ, ಎಲ್ಲರೂ ಮಾಡುತ್ತಾರೆ. ವಾರ ಕಳೆದ ಮೇಲೆ ಬೇರೆಯವರು ಕಡ್ಡಿ ಕಿತ್ತು ಎಸೆಯುತ್ತಾರೆ. ನನ್ನ ಅತ್ತೆ ಕೀಳುವುದಿಲ್ಲ. ಮುಂದಿನ ಸಲದ ಕಡ್ಡಿಯನ್ನು ಹಿಂದಿನದರ ಪಕ್ಕದಲ್ಲಿ ನೆಡುತ್ತಾಳೆ. ಹಾಗಾಗಿ ಆಲೂಗೆಡ್ಡೆ ಕೀಳುವ ಹೊತ್ತಿಗೆ ಅವಳ ಬದುವಿನಲ್ಲಿ ಒಂದು ಸಾಲು ಬಾವುಟಗಳು ನಿಂತಿರುತ್ತವೆ.

ಅತ್ತೆಯೆಂದರೆ ನನ್ನ ಅಪ್ಪನ ತಂಗಿ. ಅರಕಲಗೂಡಿನಿಂದ ಹೊಳೆನರಸೀಪುರದ ಕಡೆ ಹೋಗುವ ರಸ್ತೆಯಿಂದ ಒಂದಷ್ಟು ದೂರ ಒಳಗೆ ನಡೆದರೆ ಅವಳ ಹೊಲ. ಮುಂಗಾರಿಗೆ ಒಂದು ಎಕರೆ ಆಲೂಗೆಡ್ಡೆ, ಅದು ಕಿತ್ತ ಮೇಲೆ ರಾಗಿ. ಅವಳ ಹೆಸರು ಇರುವುದು ಬೆಳೆಯುವುದಕ್ಕಿಂತ ಬಿತ್ತನೆಯ ಗೆಡ್ಡೆ ಕೊಯ್ಯುವುದರಲ್ಲಿ. ಮೇ ತಿಂಗಳಲ್ಲಿ ಹಾಸನದ ಮಾರುಕಟ್ಟೆಯಿಂದ ಮೂಟೆ ಬಂದ ದಿನ ಜಗಲಿಯ ಮೇಲೆ ಐದಾರು ಹೆಂಗಸರು ಗೋಣಿ ಹಾಸಿ ಕೂರುತ್ತಾರೆ. ಒಂದೊಂದು ಗೆಡ್ಡೆಯನ್ನೂ ತಿರುಗಿಸಿ ಕಣ್ಣು ಎಲ್ಲಿದೆ ನೋಡಿ, ಚೂರಿಗೆ ಎರಡು ಕಣ್ಣಾದರೂ ಉಳಿಯುವಂತೆ ಕೊಯ್ಯಬೇಕು. ಅತ್ತೆ ನೋಡುವುದೇ ಇಲ್ಲ, ಹೆಬ್ಬೆರಳಲ್ಲಿ ಸವರಿ ಕೊಯ್ಯುತ್ತಾಳೆ. ಆ ಎರಡು ದಿನ ಜಗಲಿಯಲ್ಲಿ ಊರಿನ ಸುದ್ದಿಯೆಲ್ಲ ಚೂರು ಚೂರಾಗುತ್ತದೆ.

ನಾನು ಹಾಸನದಲ್ಲಿ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಆ ಜುಲೈನಲ್ಲಿ ನನ್ನ ಮೇಜಿನ ಮೇಲೆ ರೈತರಿಗಾಗಿ ಅಚ್ಚಾಗುತ್ತಿದ್ದ ಒಂದು ಕಿರುಹೊತ್ತಿಗೆಯ ಕರಡು ಇತ್ತು. ಒಂದೇ ಶಿಲೀಂಧ್ರನಾಶಕವನ್ನು ಮತ್ತೆ ಮತ್ತೆ ಹೊಡೆದರೆ ರೋಗ ಅದಕ್ಕೆ ಒಗ್ಗಿಹೋಗುತ್ತದೆ, ಬದಲಾಯಿಸಿ ಹೊಡೆಯಬೇಕು ಎಂಬ ಅರ್ಥದ ಸಾಲು ಅದರಲ್ಲಿತ್ತು. ಶಿಲೀಂಧ್ರದ ಒತ್ತಕ್ಷರ ತಪ್ಪಾಗಿತ್ತು, ತಿದ್ದಿದೆ. ಸಂಜೆ ಅತ್ತೆಗೆ ಫೋನು ಮಾಡಿ, ಔಷಧಿ ಬದಲಾಯಿಸುತ್ತಾ ಇರು ಎಂದೆ. ಇಷ್ಟು ನಿಜವಿರಬೇಕು. ಯಾಕೆಂದರೆ ಇದನ್ನು ಅತ್ತೆಯೂ ಹೀಗೇ ಹೇಳುತ್ತಾಳೆ, ನಾವಿಬ್ಬರೂ ಒಪ್ಪುವ ಸಂಗತಿಗಳು ಕಡಿಮೆ.

ಮೂರನೆಯ ಸಲ ಹೊಡೆದ ಮೇಲಿನ ಭಾನುವಾರ ನಾನು ಬಸ್ಸು ಹತ್ತಿ ಹೋದೆ. ತುಂತುರು ಬಿಡದೆ ಬೀಳುತ್ತಿತ್ತು ಎಂದು ಬರೆಯಲು ಹೊರಟಿದ್ದೆ, ಆದರೆ ನನ್ನ ಕೊಡೆ ಆ ದಿನ ಹಾಸನದ ಮನೆಯಲ್ಲೇ ಉಳಿದಿತ್ತು, ಆದ್ದರಿಂದ ಬೆಳಿಗ್ಗೆಯಾದರೂ ಬಿಸಿಲಿದ್ದಿರಬೇಕು. ಬದುವಿನ ಮೇಲೆ ಅತ್ತೆ ನಿಂತಿದ್ದಳು. ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಪಕ್ಕದ ಹೊಲಕ್ಕೆ ಹೊರಟಿದ್ದ ಔಷಧಿ ಹೊಡೆಯುವವನೂ ಇದ್ದ. ಚನ್ನರಾಯಪಟ್ಟಣದ ಕಡೆಯವನು, ಈ ಊರಿನ ಹೆಣ್ಣನ್ನು ಮದುವೆಯಾಗಿ ಇಲ್ಲೇ ನಿಂತವನು. ಸುತ್ತಿನ ಎಲ್ಲ ಹೊಲಕ್ಕೂ ಅವನೇ ಹೊಡೆಯುವುದು. ಪುಡಿಯನ್ನು ಅಳೆಯಲು ಅವನ ಜೇಬಿನಲ್ಲಿ ಒಂದು ಖಾಲಿ ಬೆಂಕಿಪೊಟ್ಟಣ ಸದಾ ಇರುತ್ತದೆ.

"ನೋಡಮ್ಮಿ, ನೀನೇಳ್ದಂಗೇ ಮಾಡಿವ್ನಿ" ಎಂದಳು ಅತ್ತೆ. "ಒಂದ್ಸಲ ಕೆಂಪು, ಒಂದ್ಸಲ ನೀಲಿ, ಮೊನ್ನೆ ಹಸ್ರು. ಒಂದ್ರಂಗೆ ಇನ್ನೊಂದಿಲ್ಲ."

"ಅಂಗಡಿಯವ್ನು ನಮ್ಮಕ್ಕನ್ನ ಕಂಡ್ರೆ ಎದ್ದು ನಿಂತ್ಕತಾನೆ ಅಕ್ಕೋ" ಎಂದ ಕ್ಯಾನಿನವನು ನನ್ನ ಕಡೆ ತಿರುಗಿ. "ಇದ್ ಬ್ಯಾಡ, ಇದ್ ಓದ್ಸಲ ಒಡ್ದಾಯ್ತು, ಬ್ಯಾರೆ ಬಣ್ಣ ತಗೀ ಅಂತದೆ. ಸೀರೆ ಅಂಗ್ಡಿಲಿ ಕೂತಂಗೆ ಕೂತ್ಕತದೆ."

"ನೀನ್ ಮುಚ್ಕಂಡು ಪುಡಿ ಕಲಸ್ಲಾ. ಓದ್ಸಲ ಅರ್ಧ ಪೊಟ್ಣ ಬೀಡಿ ಅಚ್ಚೋ ಕಡ್ಡಿನೇ ಇತ್ತು ಅದ್ರಲ್ಲಿ."

ಎಲೆಗಳ ಅಂಚಿನಲ್ಲಿ ಆಗಲೇ ಕಂದು ಚುಕ್ಕೆಗಳಿದ್ದವು. ಅತ್ತೆ ಒಂದು ಎಲೆಯನ್ನು ಮಗುಚಿ ತೋರಿಸಿದಳು. ಅಡಿಯಲ್ಲಿ ಬಿಳಿ ಬೂಷ್ಟು. ಅಂಗಮಾರಿ, ಆಲೂಗೆಡ್ಡೆಯನ್ನು ಎಲೆಯಿಂದ ಗೆಡ್ಡೆಯವರೆಗೆ ಕೊಳೆಸುವ ರೋಗ. ನಾನು ಮೂರು ಕವರುಗಳನ್ನೂ ನೋಡಿ, ಸರಿಯಾಗಿ ಮಾಡಿದ್ದೀಯ ಎಂದೆ. ಇದೂ ನಿಜ. ಸರಿಯಾಗಿ ಮಾಡಿದ್ದೀಯ ಎಂದ ನನ್ನ ದನಿ ನನಗೆ ಈಗಲೂ ಕೇಳುತ್ತದೆ, ಶಾಲೆಯ ಪುಸ್ತಕಕ್ಕೆ ಸಹಿ ಹಾಕುವವರ ದನಿ.

ಹತ್ತು ದಿನಕ್ಕೆ ಹೊಲ ಕಪ್ಪಾಯಿತು. ಕುದಿಯುವ ನೀರು ಹುಯ್ದ ಹಾಗೆ ಗಿಡಗಳು ಸಾಲಿನ ಮೇಲೆ ಮಲಗಿಬಿಟ್ಟವು. ಅಗೆದರೆ ಸಿಕ್ಕಿದ್ದು ನೆಲ್ಲಿಕಾಯಿಯಷ್ಟು ಗೆಡ್ಡೆ. ಅದರಲ್ಲೂ ಅರ್ಧ ಒಳಗೇ ಕಂದಿ ನಾರುತ್ತಿತ್ತು. ಅತ್ತೆ ಅಳಲಿಲ್ಲ. ಬುಟ್ಟಿ ತೊಳೆದು ಬಿಸಿಲಿಗೆ ಮಗುಚಿ ಹಾಕುತ್ತಾ, "ಇನ್ನೊಂದ್ ವರ್ಸ ನೋಡ್ತೀನಿ ಕಣಮ್ಮಿ. ಮುಂದಿನ್ ಮುಂಗಾರ್ಗೂ ಇಂಗೇ ಕರಗೋದ್ರೆ ಮುಗೀತು, ಆಮ್ಯಾಕೆ ಮುಸುಕಿನ್ ಜೋಳ ಆಕ್ಬುಡ್ತೀನಿ" ಎಂದಳು.

ಸುತ್ತ ಎಷ್ಟೋ ಹೊಲಗಳಿಗೆ ಆಗಲೇ ಜೋಳ ಬಂದಿತ್ತು. ಜೋಳ ಕೆಟ್ಟ ಬೆಳೆಯಲ್ಲ. ಆದರೆ ಜೋಳದ ಕಾಳಿಗೆ ಕಣ್ಣು ಹುಡುಕಬೇಕಾಗಿಲ್ಲ, ಚಾಕು ಬೇಡ, ಜಗಲಿಯಲ್ಲಿ ಹೆಂಗಸರು ಕೂರಬೇಕಾಗಿಲ್ಲ. ಅತ್ತೆ ಕೊಯ್ಯುವ ಚಾಕುಗಳನ್ನು ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಳು. ಪ್ರತಿ ವರ್ಷ ಅವು ಅಡುಗೆಮನೆಯ ಗೂಡಿನಲ್ಲೇ ಇರುತ್ತಿದ್ದವು.

ಡಿಸೆಂಬರಿನಲ್ಲಿ ಮತ್ತೆ ಹೋದೆ. ಹಿತ್ತಲಲ್ಲಿ ಅವರೆಬಳ್ಳಿ ಹಬ್ಬಿತ್ತು. ಬದುವಿನ ಕಡ್ಡಿಗಳನ್ನು ಕಿತ್ತು ತಂದು ಬಳ್ಳಿಗೆ ಆಸರೆ ಕೊಟ್ಟಿದ್ದಳು. ಕವರುಗಳು ಇನ್ನೂ ತುದಿಯಲ್ಲೇ ಇದ್ದವು. ನಾನು ಬಿಸಿಲಿಗೆ ಬೆನ್ನು ಕೊಟ್ಟು ಕಾಳು ಬಿಡಿಸುತ್ತಿದ್ದೆ. ಕರಡು ತಿದ್ದುವವರಿಗೆ ಒಂದು ಚಾಳಿ ಇದೆ: ಎದುರಿಗೆ ಏನೇ ಅಚ್ಚಾಗಿದ್ದರೂ ಅದರ ಅತಿ ಸಣ್ಣ ಅಕ್ಷರದಿಂದ ಓದಲು ಶುರುಮಾಡುವುದು. ನೀಲಿ ಕವರಿನ ಹಿಂಬದಿ ಗಾಳಿಗೆ ನನ್ನ ಕಡೆ ತಿರುಗಿತು. ಸಣ್ಣಕ್ಷರದಲ್ಲಿ ಎರಡು ರಾಸಾಯನಿಕದ ಹೆಸರು: ಮೆಟಲಾಕ್ಸಿಲ್, ಮ್ಯಾಂಕೋಜೆಬ್. ಪಕ್ಕದಲ್ಲಿ ಪ್ರಮಾಣ. ಕೆಂಪನ್ನು ತಿರುಗಿಸಿದೆ. ಅದೇ ಎರಡು ಹೆಸರು, ಅದೇ ಪ್ರಮಾಣ. ಮೂರನೆಯದು, ಹಸಿರೋ ಮತ್ತೊಂದೋ, ಅದರಲ್ಲೂ ಅದೇ.

ಮೂರು ಕಂಪನಿ, ಮೂರು ಬಣ್ಣ, ಮುಂಭಾಗದಲ್ಲಿ ದಪ್ಪಕ್ಷರದ ಮೂರು ಹೆಸರು. ಒಳಗಿದ್ದ ಪುಡಿ ಒಂದೇ. ಅತ್ತೆ ಒಂದೇ ಔಷಧಿಯನ್ನು ಮೂರು ಸಲ ಹೊಡೆದಿದ್ದಳು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಎಷ್ಟು ಸಲವೋ.

ಕಾಳಿನ ಮೊರ ಕೆಳಗಿಟ್ಟು ಹೇಳಿದೆ. ಅತ್ತೆ ಕವರುಗಳನ್ನು ಕಿತ್ತು ತಂದು ನೆಲದ ಮೇಲೆ ಹರಡಿ ಒಂದೊಂದನ್ನೂ ತಿರುಗಿಸಿ ನೋಡಿದಳು. ಅವಳು ಕನ್ನಡ ಓದುತ್ತಾಳೆ, ಕೂಡಿಸಿ ಕೂಡಿಸಿ. ಹಿಂಬದಿಯ ಇಂಗ್ಲಿಷು ಇರುವೆ ಸಾಲಿನ ಹಾಗಿತ್ತು.

"ನಾನು ಬಣ್ಣ ನೋಡೋಳು. ಅಕ್ಸರ ನೋಡೋಳು ನೀನಲ್ವಾ? ಅವತ್ತು ಬದಿನ್ ಮ್ಯಾಲೆ ನಿಂತ್ಕಂಡು ಸರೀಗ್ ಮಾಡಿದ್ದೀಯ ಅಂದ್ಯಲ್ಲ."

"ಹಿಂದೆ ತಿರುಗಿಸಿ ನೋಡಲಿಲ್ಲ ಅತ್ತೆ."

"ತಿರುಗಿಸ್ದೆ ಕಣಮ್ಮಿ. ನಾನೇ ಕಂಡಿವ್ನಿ."

ಇಲ್ಲ ಎಂದೆ. ನನಗೆ ಅಷ್ಟು ಖಾತ್ರಿಯಿತ್ತು. "ಬುಡು. ಇಬ್ರೂ ಸೇರಿ ಕೆಡ್ಸ್ದೋ. ಇವಾಗ ಏನ್ ಮಾಡದು ಅದ್ನೇಳು" ಎಂದಳು.

ಅದನ್ನು ಕೇಳಲು ಹಾಸನದಲ್ಲಿ ಗಿಡಗಳ ರೋಗದ ಮೇಲೆ ಕೆಲಸ ಮಾಡುವ ಒಬ್ಬರ ಬಳಿ ಹೋದೆ. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಮಾತಿಗಿಂತ ಮುಂಚೆ ಕೈ ಒರೆಸಿಕೊಳ್ಳುವ ಅಭ್ಯಾಸ. ಕವರುಗಳನ್ನು ನೋಡಿ ಅವರು ನಗಲಿಲ್ಲ, ಅದಕ್ಕೆ ನಾನು ಋಣಿ. "ಔಷಧಿಗೆ ರೋಗ ಬಗ್ಗುತ್ತಿಲ್ಲ ಅಂತ ಊಹೆಯಲ್ಲಿ ಹೇಳಬಾರದು. ಮುಂದಿನ ಬೆಳೆಯಲ್ಲಿ ಮೊದಲ ಚುಕ್ಕೆ ಕಂಡ ದಿನವೇ ಎಲೆ ತನ್ನಿ. ಒಣಗಿದ್ದು ಬೇಡ, ಜೀವ ಇರೋದು" ಎಂದರು.

ಮೇ ಬಂತು. ಅತ್ತೆ ಅಟ್ಟದಿಂದ ಚಾಕು ಇಳಿಸಿದಳು. ಜಗಲಿಯಲ್ಲಿ ಹೆಂಗಸರು ಕಡಿಮೆ ಇದ್ದರು, ಇಬ್ಬರ ಮನೆಯಲ್ಲಿ ಜೋಳ ಬಿತ್ತಿ ಆಗಿತ್ತು. ಜುಲೈ ಮೊದಲ ವಾರದಲ್ಲಿ ಚುಕ್ಕೆ ಕಂಡಿತು. ಅತ್ತೆ ಕಾಯಲಿಲ್ಲ. ಎಂಟು ಹತ್ತು ಎಲೆಗಳನ್ನು ತೊಯ್ದ ಕಾಗದದಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೊಳೆನರಸೀಪುರಕ್ಕೆ ಬಂದು ಅಲ್ಲಿಂದ ಹಾಸನದ ಬಸ್ಸು ಹಿಡಿದಳು. ನಿಲ್ದಾಣದಲ್ಲಿ ಅವಳನ್ನು ಕಂಡಾಗ ಡಬ್ಬಿಯ ಮುಚ್ಚಳ ಒಂದು ಬೆರಳಿನಷ್ಟು ತೆರೆದಿತ್ತು.

"ಯಾಕತ್ತೆ, ತೆರೆದಿಟ್ಟಿದ್ದೀಯ?"

"ಉಸ್ರು ಕಟ್ಟಲ್ವಾ? ಜೀವ ಇರದ್ನೇ ತಕಂಬಾ ಅಂದವ್ರೆ."

ಪಕ್ಕದ ಸೀಟಿನವಳು ದಾರಿಯುದ್ದಕ್ಕೂ ಬಜ್ಜಿಯೋ ಎಂದು ಇಣುಕಿ ನೋಡಿದಳಂತೆ.

ಗಿಡರೋಗದ ಆ ಹೆಂಗಸು ನಮ್ಮ ಎಲೆಗಳ ರೋಗವನ್ನು ಬೇರೆ ಒಳ್ಳೆಯ ಎಲೆಗಳ ಬಿಲ್ಲೆಗಳಿಗೆ ಅಂಟಿಸಿ, ಸಣ್ಣ ಬಟ್ಟಲುಗಳಲ್ಲಿ ತೇಲಿಬಿಟ್ಟರು. ಒಂದರಲ್ಲಿ ಬರೀ ನೀರು. ಒಂದರಲ್ಲಿ ಮೂರು ಕವರುಗಳ ಹಳೆಯ ಪುಡಿಯೊಳಗಿನ ಮೆಟಲಾಕ್ಸಿಲ್ ಮಾತ್ರ. ಉಳಿದ ಮೂರರಲ್ಲಿ ರೋಗವನ್ನು ಬೇರೆ ಬೇರೆ ಬಗೆಯಲ್ಲಿ ಕೊಲ್ಲುವ ಮೂರು ಗುಂಪಿನ ಔಷಧಿಗಳು. ಫಲಿತಾಂಶಕ್ಕೆ ಒಂದು ವಾರ ಬೇಕಿತ್ತು. ಅಲ್ಲಿಯತನಕ ಸುಮ್ಮನೆ ಕೂರಬೇಡಿ, ಚುಕ್ಕೆ ಬಂದ ಗಿಡ ಕಿತ್ತು ಹೂಳಿ, ಎಲೆಯ ಮೇಲೆ ಲೇಪದಂತೆ ನಿಲ್ಲುವ ಮ್ಯಾಂಕೋಜೆಬ್ ಒಂದನ್ನೇ ಹೊಡೆದು ತಡೆಯಿರಿ ಎಂದರು. ರೋಗ ಇನ್ನೂ ಒಳಗೆ ಹೋಗದ ಗಿಡವನ್ನು ಅದು ಕಾಯುತ್ತದೆ, ಅದಕ್ಕೆ ರೋಗ ಸುಲಭವಾಗಿ ಒಗ್ಗುವುದಿಲ್ಲ ಎಂದೂ ವಿವರಿಸಿದರು.

ವಾರದ ಮೇಲೆ ಅತ್ತೆ ಮತ್ತೆ ಬಂದಳು. ಫೋನಿನಲ್ಲಿ ಹೇಳುತ್ತೇನೆ ಎಂದರೂ ಕೇಳಲಿಲ್ಲ, ಕಣ್ಣಲ್ಲೇ ನೋಡಬೇಕು. ಬರೀ ನೀರಿನ ಬಟ್ಟಲಲ್ಲಿ ಬಿಳಿ ಬೂಷ್ಟು ಬೆಳೆದಿತ್ತು. ಹಳೆಯ ಔಷಧಿಯ ಬಟ್ಟಲಲ್ಲೂ ಹೆಚ್ಚುಕಡಿಮೆ ಅಷ್ಟೇ ದಟ್ಟವಾಗಿ ಬೆಳೆದಿತ್ತು. ಉಳಿದ ಮೂರರಲ್ಲಿ ಎರಡು ಹಸಿರಾಗಿಯೇ ಇದ್ದವು, ಒಂದರಲ್ಲಿ ಅಂಚಿಗೆ ಸ್ವಲ್ಪ ಮಾತ್ರ. ಅತ್ತೆ ಹಳೆಯ ಔಷಧಿಯ ಬಟ್ಟಲಿನ ಮೇಲೆ ಬಹಳ ಹೊತ್ತು ಬಗ್ಗಿ ನೋಡಿದಳು.

"ಔಸ್ದಿ ಒಳ್ಗೇ ಸ್ನಾನ ಮಾಡ್ಕಂಡ್ ಕೂತದಲ್ಲಮ್ಮಿ ಇದು!"

"ರೋಗ ಜಾಣ ಆಯ್ತು ಅಂತಲ್ಲ ಅಮ್ಮ" ಎಂದರು ಆಕೆ. "ಲಕ್ಷದಲ್ಲಿ ಒಂದೆರಡು ಈ ಔಷಧಿಗೆ ಸಾಯದೇ ಇರೋವು ಮೊದಲೇ ಇರ್ತವೆ. ನೀವು ಅದನ್ನೇ ಹೊಡೀತಾ ಹೋದ್ರೆ ಮಿಕ್ಕವೆಲ್ಲ ಸತ್ತು ಅವೇ ಉಳೀತವೆ, ಅವೇ ಹೆಚ್ಚುತ್ವೆ."

ಅತ್ತೆ ತಲೆ ಎತ್ತಿದಳು. "ಅಂದ್ರೆ ಜರಡಿ ಇಡ್ದಂಗೆ. ವರ್ಸ ವರ್ಸ ನಾನೇ ಜರಡಿ ಇಡ್ದು, ಜರಡೀಲಿ ಉಳ್ದಿದ್ನ ಬಿತ್ನೆಗೆ ಇಟ್ಕಂಡಂಗಾಯ್ತು."

ಆಕೆ ಪೆನ್ನು ತೆಗೆದು ಅದನ್ನು ಬರೆದುಕೊಂಡರು. ಬರೆದುಕೊಂಡರು ಎಂದು ನನ್ನ ನೆನಪು. ಅತ್ತೆ ಹೇಳುವಂತೆ ಅವರು ಬರೆದದ್ದು ಔಷಧಿಗಳ ಹೆಸರು, ನಮಗೆ ಕೊಡಲು. ಆ ಚೀಟಿ ನಿಜವಾಗಿ ನಮ್ಮ ಬಳಿ ಇದೆ. ಜರಡಿಯ ಮಾತು ಅದರಲ್ಲಿಲ್ಲ.

ಇನ್ನು ಕಡ್ಡಿಯ ಉಪಾಯ. ಅದು ಯಾರದ್ದು ಎಂಬುದಕ್ಕೆ ಮೂರು ಪಾಠಗಳಿವೆ. ಹಿಂತಿರುಗುವ ಬಸ್ಸಿನಲ್ಲಿ ನಾನು ಹೇಳಿದೆ ಎಂದು ನಾನು ನಂಬಿದ್ದೇನೆ. ಬದುವಿನ ಮೇಲೆ ತಾನೇ ಮೊದಲು ಅಂದೆ ಎಂದು ಕ್ಯಾನಿನವನು ಊರಲ್ಲೆಲ್ಲ ಹೇಳುತ್ತಾನೆ. ಅತ್ತೆ ಏನೂ ಹೇಳುವುದಿಲ್ಲ, ಆದ್ದರಿಂದ ಅವಳದ್ದೇ ಇರಬೇಕು. ಉಪಾಯ ಇಷ್ಟೆ: ಕವರಿನ ಬಣ್ಣ ಮೋಸ ಮಾಡುತ್ತದೆ, ಕಡ್ಡಿಯ ಮರ ಮೋಸ ಮಾಡುವುದಿಲ್ಲ. ಚೀಟಿಯ ಒಂದೊಂದು ಗುಂಪಿಗೂ ಒಂದೊಂದು ಮರ. ಲೇಪದ ಪುಡಿಗೆ ಹೊಂಗೆ ಕಡ್ಡಿ. ಉಳಿದ ಮೂರಕ್ಕೆ ಬಿದಿರು, ಲಂಟಾನ, ಬೇಲಿಯಲ್ಲಿ ಸೊಪ್ಪಿಗಾಗಿ ಬೆಳೆಸುವ ಗೊಬ್ಬರದ ಗಿಡ. ಹೊಸ ಕವರು ಬಂದಾಗ ಅಂಗಡಿಯಲ್ಲೇ ಹಿಂಬದಿ ತೋರಿಸಿ ಓದಿಸಿ ಗುಂಪು ಹೇಳಿಸಿಕೊಳ್ಳುವುದು, ಆಮೇಲೆ ಅದಕ್ಕೆ ಸೇರಿದ ಮರದ ಕಡ್ಡಿ. ಹೊಂಗೆ ಬಿಟ್ಟರೆ ಒಂದೇ ಮರ ಒಂದರ ಹಿಂದೊಂದು ಎರಡು ಸಲ ಬರಕೂಡದು. ಹಳೆಯ ಪುಡಿಗೆ ಕಡ್ಡಿಯೇ ಇಲ್ಲ.

ಪಡುವಲ ದಿಕ್ಕಿನ ಪಕ್ಕದ ಹೊಲದವನಿಗೆ ನಗು. ಅವನದ್ದೂ ಆಲೂಗೆಡ್ಡೆಯೇ. "ಏನಕ್ಕ, ಬದಿನ್ ಮ್ಯಾಲೆ ಸೌದೆ ಡಿಪೋ ಇಟ್ಟಿದ್ದೀಯಾ?"

"ನಿನ್ ಒಲ್ದ ಅಂಗಮಾರಿ ಗಾಳೀಲಿ ನಮ್ಮಟ್ಟಿಗೆ ಬತ್ತದಲ್ಲ, ಅದ್ಕೆ ಅಡುಗೆ ಮಾಡಾಕೆ ಸೌದೆ."

ಅವನು ನಗುತ್ತಲೇ ಹೋದ. ಆದರೆ ಗಾಳಿಯ ಮಾತು ತಮಾಷೆಯಾಗಿರಲಿಲ್ಲ. ಹಾಸನದ ಹೆಂಗಸು ಅದನ್ನೇ ಎಚ್ಚರಿಸಿದ್ದರು: ಪಕ್ಕದ ಹೊಲದಲ್ಲಿ ಹಳೆಯ ಪುಡಿಯನ್ನೇ ಹೊಡೆಯುತ್ತಿದ್ದರೆ ಅಲ್ಲಿ ಉಳಿದದ್ದು ಇಲ್ಲಿಗೆ ಹಾರಿ ಬರುತ್ತದೆ. ಇಲ್ಲಿ ಕ್ಯಾನಿನವನು ಕೆಲಸಕ್ಕೆ ಬಂದ. ಎಲ್ಲರ ಹೊಲಕ್ಕೂ ಹೋಗುವವನು ಅವನೊಬ್ಬನೇ. ಹೋದಲ್ಲೆಲ್ಲ ಕವರು ಕೈಗೆ ತೆಗೆದುಕೊಂಡು, "ಇದು ಬಿದ್ರಾ, ಲಂಟಾನನಾ?" ಎಂದು ಕೇಳತೊಡಗಿದ. ಜನ ಅವನನ್ನು ಗೇಲಿ ಮಾಡಿದರು, ಆಮೇಲೆ ಗೊತ್ತಿಲ್ಲ ಎಂದರು, ಆಮೇಲೆ ಅತ್ತೆಯ ಬದುವಿನ ಬಳಿ ಬಂದು ಯಾವ ಕಡ್ಡಿಯ ಮೇಲೆ ಯಾವ ಕವರು ಎಂದು ನೋಡಿಕೊಂಡು ಹೋದರು. ಆಗಸ್ಟಿನಲ್ಲಿ ಪಡುವಲ ಹೊಲದವನ ಬದುವಿನಲ್ಲೂ ಒಂದು ಬಿದಿರು ಕಡ್ಡಿ, ಅದರ ಪಕ್ಕದಲ್ಲಿ ಒಂದು ಲಂಟಾನ. ಅತ್ತೆ ಅದನ್ನು ನೋಡಿ, ಸಂಜೆ ನನಗೆ ಫೋನು ಮಾಡಿ, "ಸೌದೆ ಡಿಪೋ ಬ್ರಾಂಚು ತಗದವ್ನೆ" ಎಂದಳು.

ಹೊಲ ನಿಂತಿತು. ಪೂರ್ತಿ ಎಂದು ಬರೆದರೆ ಸುಳ್ಳಾಗುತ್ತದೆ. ನೀರು ನಿಲ್ಲುವ ತಗ್ಗಿನ ಮೂಲೆ ಹಿಂದಿನ ವರ್ಷದ ಹಾಗೇ ಕಪ್ಪಾಯಿತು, ಅಲ್ಲಿ ಅತ್ತೆ ಗಿಡಗಳನ್ನು ಕಿತ್ತು ಹೂತಳು. ಉಳಿದದ್ದು ತಾನಾಗಿ ಹಳದಿಯಾಗುವವರೆಗೆ ಹಸಿರಾಗಿತ್ತು. ಕೀಳುವ ದಿನ ನಾನೂ ಹೋಗಿದ್ದೆ. ಗುದ್ದಲಿ ಬಿದ್ದಲ್ಲೆಲ್ಲ ಮುಷ್ಟಿ ಗಾತ್ರದ ಗೆಡ್ಡೆಗಳು ಮಣ್ಣು ಕೊಡವಿಕೊಂಡು ಹೊರಬಂದವು. ಅತ್ತೆ ಒಂದನ್ನು ಎತ್ತಿಕೊಂಡು ಹೆಬ್ಬೆರಳಲ್ಲಿ ಸವರಿದಳು. ಕಣ್ಣು ಎಣಿಸುತ್ತಿದ್ದಳು, ಕೊಯ್ಯುವ ಕಾಲವಲ್ಲದಿದ್ದರೂ. ಬದುವಿನ ಕಡ್ಡಿಗಳಲ್ಲಿ ಗೊಬ್ಬರದ ಗಿಡದ್ದು ಚಿಗುರಿತ್ತು, ಕವರಿನ ಕೆಳಗೇ ನಾಲ್ಕು ಎಲೆ. ಅದನ್ನು ಮಾತ್ರ ಕೀಳಬೇಡ ಎಂದು ಅತ್ತೆ ಕ್ಯಾನಿನವನಿಗೆ ಹೇಳಿದಳು. "ಕಿತ್ರೆ ಮುಂದಿನ್ ವರ್ಸ ಇಲ್ಲಿ ಏನ್ ಒಡ್ದಿದ್ದೋ ಅಂತ ಎಂಗ್ ಗೊತ್ತಾಗ್ತದ್ಲಾ?"

ಮುಂದಿನ ವರ್ಷ ಎಂದಿದ್ದನ್ನು ಗಮನಿಸಿದೆ.

ಹೋದ ತಿಂಗಳು ಅವಳ ಫೋನು ಬಂತು. ಹಾಸನದ ಸಂತೆಯಲ್ಲಿ ಸಾಣೆ ಹಿಡಿಯುವವನು ಇದ್ದಾನಾ, ಚಾಕುಗಳು ಮೊಂಡಾಗಿವೆ, ಬಸ್ಸಿನಲ್ಲಿ ಕಳಿಸುತ್ತೇನೆ ಎಂದಳು. "ಈ ಸಲ ಎಂಟು ಜನ ಬತ್ತಾರೆ ಕೊಯ್ಯಾಕೆ. ಪಡುವ್ಲೊಲ್ದವ್ನ ಎಂಡ್ರೂ ಬತ್ತೀನಿ ಅಂದವ್ಳೆ." ಅಲ್ಲಿಗೆ ಜೋಳದ ಪ್ರಶ್ನೆ ಮುಗಿದಿತ್ತು. ಚಾಕುಗಳು ಈಗ ನನ್ನ ಮೇಜಿನ ಮೇಲಿವೆ, ಕರಡಿನ ಪಕ್ಕದಲ್ಲಿ. ಸಾಣೆ ಹಿಡಿದವನು ತುಂಬಾ ಹರಿತ ಮಾಡಿದ್ದಾನೆ.

ಇದನ್ನು ಬರೆಯಲು ಕೂತಾಗ, ಮೂರನೆಯ ಕವರಿನ ಬಣ್ಣ ಖಚಿತ ಮಾಡಿಕೊಳ್ಳಲು ಫೋನಿನ ಹಳೆಯ ಚಿತ್ರಗಳನ್ನು ತೆರೆದೆ. ಬದುವಿನ ಮೇಲೆ ನಿಂತ ಆ ಭಾನುವಾರದ್ದು ಒಂದೇ ಚಿತ್ರವಿದೆ. ಕ್ಯಾನಿನವನು ತೆಗೆದದ್ದು, ಅರ್ಧಕ್ಕೆ ಅವನ ಬೆರಳೇ ಅಡ್ಡ ಬಂದಿದೆ. ಕಡ್ಡಿಗಳು ಎರಡೇ ಕಾಣುತ್ತವೆ, ಮೂರನೆಯದು ಬೆರಳಿನ ಹಿಂದೆ. ಬಣ್ಣ ಗೊತ್ತಾಗಲಿಲ್ಲ. ಗೊತ್ತಾದದ್ದು ಬೇರೆ. ನೀಲಿ ಕವರು ನನ್ನ ಕೈಯಲ್ಲಿದೆ, ನಾನು ಅದನ್ನು ತಿರುಗಿಸಿ ಹಿಡಿದಿದ್ದೇನೆ, ನನ್ನ ಮುಖ ಅದರ ಕಡೆ ಬಗ್ಗಿದೆ. ಅತ್ತೆ ಹೇಳಿದ್ದು ಸರಿ.

ಆ ದಿನ ನಾನು ಸಣ್ಣಕ್ಷರವನ್ನು ಓದಿ ಅರ್ಥವಾಗದೆ ಬಿಟ್ಟೆನೋ, ಓದದೆಯೇ ತಲೆಯಾಡಿಸಿದೆನೋ, ನನಗೆ ಗೊತ್ತಿಲ್ಲ. ಹೋದ ವರ್ಷ ಹೊಲ ಉಳಿಸಿದ್ದು ಕಡ್ಡಿಗಳೋ, ಆಗಸ್ಟಿನಲ್ಲಿ ಅಕಸ್ಮಾತ್ತಾಗಿ ಬಂದ ಹನ್ನೆರಡು ದಿನದ ಬಿಸಿಲೋ, ಅದೂ ಗೊತ್ತಿಲ್ಲ. ಹಾಸನದ ಹೆಂಗಸನ್ನು ಕೇಳಿದೆ. ಒಂದು ಹೊಲ, ಒಂದು ಮಳೆಗಾಲ ನೋಡಿ ತಾನು ಹೇಳಲಾರೆ ಎಂದರು. ಜುಲೈನಲ್ಲಿ ಮತ್ತೆ ಎಲೆ ತರಲು ಹೇಳಿದ್ದಾರೆ. ಚೀಟಿಯ ಮೂರು ಔಷಧಿಗಳಲ್ಲಿ ಅಷ್ಟು ಹೊತ್ತಿಗೆ ಎಷ್ಟು ಇನ್ನೂ ಕೆಲಸ ಮಾಡುತ್ತಿರುತ್ತವೆ ಎಂಬುದು ಅವರಿಗೂ ಗೊತ್ತಿಲ್ಲ.